ವೆಸ್ಟ್ ಪಾಯಿಂಟ್‌ನಲ್ಲಿ ಒಂದು ರಾತ್ರಿ: ಮಗಳನ್ನು ಕಳಿಸುವ ಮುಂಚೆ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು, ಹೈಸ್ಕೂಲಿನ ಕೊನೆಯ ವರ್ಷ. ಅಮೆರಿಕ ಸೇನೆಗೆ ಅಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಗೆ ಅರ್ಜಿ ಹಾಕಿದ್ದಾಳೆ. ಅಕ್ಟೋಬರ್‌ನಲ್ಲಿ ಬಂದು ಕೆಡೆಟ್‌ಗಳ ಜೊತೆ ಒಂದು ರಾತ್ರಿ ಉಳಿಯಲು ಕರೆ ಬಂದಿದೆ. ನನ್ನ ಗಂಡ ಕಾಲೇಜು ದಿನಗಳಲ್ಲಿ ಬೆಂಗಳೂರಿನಲ್ಲಿ ಎಸ್‌ಎಸ್‌ಬಿಗೆ, ಅಂದರೆ ಭಾರತೀಯ ಸೇನೆಯ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಗೆ, ಹೋಗಿ ಬಂದವರು. ಇದೂ ಅದೇ ಥರ ಪರೀಕ್ಷೆ ಅಂತ ದಿನಾ ಅವಳನ್ನು ಕೂರಿಸಿಕೊಂಡು ತಯಾರಿ ಮಾಡಿಸುತ್ತಿದ್ದಾರೆ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ಎಲ್ಲಿ ಮಲಗುತ್ತಾಳೆ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಗತಿ? ನಾವೂ ಜೊತೆಗಿರಬಹುದಾ?

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು. ತಯಾರಿ ನಿಲ್ಲಿಸಿಬಿಡಿ ಸರ್.

ಎಸ್‌ಎಸ್‌ಬಿ ಅಂದರೆ ಐದು ದಿನ ಅವರು ನಿಮ್ಮನ್ನು ನೋಡುವುದು. ಮೊದಲ ದಿನ ಸ್ಕ್ರೀನಿಂಗ್, ಎಷ್ಟೋ ಜನ ಅವತ್ತೇ ಊರಿಗೆ ವಾಪಸ್. ಉಳಿದವರಿಗೆ ಎದೆ ಮೇಲೆ ನಂಬರ್ ಕಟ್ಟಿ, ಚಿತ್ರ ತೋರಿಸಿ ಕಥೆ ಬರೆಸಿ, ಹಗ್ಗ ಹಲಗೆ ಕೊಟ್ಟು ಗುಂಪಿನಲ್ಲಿ ಅಡೆತಡೆ ದಾಟಿಸಿ, ಇಂಟರ್‌ವ್ಯೂ ಮಾಡಿ, ಕೊನೆಗೆ ಕಾನ್ಫರೆನ್ಸ್. ವೆಸ್ಟ್ ಪಾಯಿಂಟ್‌ನ ಈ ಒಂದು ರಾತ್ರಿ ಅದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ನೋಡುವವಳು ನಿಮ್ಮ ಮಗಳು. ಈ ಜಾಗ ನನಗೆ ಆಗುತ್ತಾ, ನಾಲ್ಕು ವರ್ಷ ಇಲ್ಲಿ ಇರಬಲ್ಲೆನಾ ಅಂತ ಅವಳು ತೂಗಿ ನೋಡಲಿ ಅಂತಲೇ ಕರೆಯುತ್ತಾರೆ. ಇದಕ್ಕೆ ಮಾರ್ಕ್ಸ್ ಇಲ್ಲ. ಆಯ್ಕೆ ನಡೆಯುವುದು ಫೈಲ್ ಮೇಲೆ: ಶಾಲೆಯ ಅಂಕ, ಎಸ್‌ಎಟಿ ಇಲ್ಲವೇ ಎಸಿಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆ, ನಾಯಕತ್ವ, ದೇಹದಾರ್ಢ್ಯ ಪರೀಕ್ಷೆ, ಮೆಡಿಕಲ್, ಆಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರ ನಾಮಿನೇಶನ್.

ಹಾಗಂತ ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಕದ್ದು ವೇಪ್ ಎಳೆದರೆ, ಕೆಡೆಟ್ ಜೊತೆ ಒರಟಾಗಿ ನಡೆದುಕೊಂಡರೆ, ರಾತ್ರಿ ಬ್ಯಾರಕ್ ಬಿಟ್ಟು ಸುತ್ತಲು ಹೋದರೆ ಆ ಸುದ್ದಿ ಅಡ್ಮಿಷನ್ಸ್ ಆಫೀಸಿಗೆ ತಲುಪುತ್ತದೆ. ಸಾಮಾನ್ಯ ಮರ್ಯಾದೆಯಲ್ಲಿ ಇದ್ದರೆ ಸಾಕು. ನಾನು ಇಂಥ ಮಕ್ಕಳಿಗೆ ಅರ್ಜಿಯ ದಾರಿ ತೋರಿಸುವ ಕೆಲಸವನ್ನು ಸ್ವಯಂಸೇವಕನಾಗಿ ಮಾಡುತ್ತೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಲ್ಲಿ ಹೋಗಿ ಮಿಂಚಬೇಕು ಅಂತ ಹೊರಟ ಮಕ್ಕಳು ಏನನ್ನೂ ನೋಡದೆ ವಾಪಸ್ ಬರುತ್ತಾರೆ.

ಈಗ ಅಲ್ಲಿ ನಡೆಯುವುದಕ್ಕೆ ಬರೋಣ.

ವೆಸ್ಟ್ ಪಾಯಿಂಟ್ ಇರುವುದು ನ್ಯೂಯಾರ್ಕ್ ನಗರದಿಂದ ಸುಮಾರು 50 ಮೈಲಿ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯ ಗುಡ್ಡದ ಮೇಲೆ. 1802ರಲ್ಲಿ ಶುರುವಾದ ಸಂಸ್ಥೆ. ಕೆಡೆಟ್‌ಗಳು ಸುಮಾರು 4,400. ಗೇಟಿನ ಹೊರಗೆ ಹೈಲ್ಯಾಂಡ್ ಫಾಲ್ಸ್ ಅನ್ನುವ ಚಿಕ್ಕ ಊರು, ವಿಸಿಟರ್ಸ್ ಸೆಂಟರ್ ಅಲ್ಲೇ ಇದೆ. ಇದು ಸೇನೆಯ ನೆಲೆ, ಆದ್ದರಿಂದ ಐಡಿ ಇಲ್ಲದೆ ಒಳಗೆ ಬಿಡುವುದಿಲ್ಲ. ಒಂದು ವಿಷಯ ನಮ್ಮವರು ಮರೆಯುತ್ತಾರೆ: ಮಗಳು ಅಮೆರಿಕನ್ ಪ್ರಜೆ, ಸರಿ. ಅಪ್ಪ ಅಮ್ಮ ಇನ್ನೂ ಭಾರತೀಯ ಪಾಸ್‌ಪೋರ್ಟಿನಲ್ಲೇ ಇದ್ದರೆ ಒಳಗೆ ಹೋಗಲು ಯಾವ ಕಾಗದ ಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಪಾಸ್‌ಪೋರ್ಟ್ ಅಂತೂ ಜೊತೆಗಿರಲಿ. ಗೇಟಿನ ಮುಂದೆ ನಿಂತು ಫೋನ್ ಮಾಡುವ ಪರಿಸ್ಥಿತಿ ಬೇಡ.

ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರಲು ಹೇಳುತ್ತಾರೆ. ಒಬ್ಬಳು ಕೆಡೆಟ್ ಯೂನಿಫಾರ್ಮಿನಲ್ಲಿ ಬಂದು ನಿಮ್ಮ ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ಮಾರನೇ ದಿನ ಕ್ಲಾಸು, ಮಧ್ಯಾಹ್ನದ ಊಟ ಮುಗಿಸಿ ವಾಪಸ್ ಕಳಿಸುವತನಕ ಇವಳ ಜವಾಬ್ದಾರಿ ಅವಳದ್ದೇ. ಹುಡುಗಿಯರು ಹುಡುಗಿಯರ ಕೋಣೆಯಲ್ಲೇ ಉಳಿಯುತ್ತಾರೆ, ಆ ಚಿಂತೆ ಬಿಡಿ. ಹೆಚ್ಚಾಗಿ ಕರೆಯಲು ಬರುವವಳು ಮೊದಲ ವರ್ಷದವಳು, ಅಂದರೆ ಪ್ಲೀಬ್. ಇದನ್ನು ಮಗಳಿಗೆ ಚೆನ್ನಾಗಿ ತಿಳಿಸಿ ಹೇಳಿ, ಯಾಕಂದ್ರೆ ಪ್ಲೀಬ್ ಬದುಕು ಗೊತ್ತಿಲ್ಲದೆ ಹೋದರೆ ಮೊದಲ ಹತ್ತು ನಿಮಿಷದಲ್ಲೇ ಗಾಬರಿಯಾಗುತ್ತದೆ.

ಕೋಣೆಯೊಳಗೆ ನಗುನಗುತ್ತಾ ಮಾತಾಡುತ್ತಿದ್ದ ಹುಡುಗಿ, ಹೊರಗೆ ಕಾಲಿಟ್ಟ ಕೂಡಲೇ ತುಟಿ ಬಿಗಿದು, ಮುಷ್ಟಿ ಅರೆಮಡಚಿ, ಸರಸರ ನಡೆಯಲು ಶುರು ಮಾಡುತ್ತಾಳೆ. ನಿಮ್ಮ ಮಗಳು ಏನೋ ಕೇಳಿದರೆ ಉತ್ತರ ಬರದೇ ಇರಬಹುದು. ಸಿಟ್ಟಲ್ಲ ಅದು. ಕೆಡೆಟ್‌ಗಳ ಆವರಣದಲ್ಲಿ ಪ್ಲೀಬ್‌ಗಳು ಹೊರಗೆ ನಡೆಯುವಾಗ ಮಾತಾಡುವಂತಿಲ್ಲ, ಬ್ಯಾರಕ್ ಒಳಗೆ ಗೋಡೆ ಹಿಡಿದೇ ನಡೆಯಬೇಕು, ಎದುರಿಗೆ ಮೇಲಿನ ವರ್ಷದವರು ಬಂದರೆ ನಮಸ್ಕಾರ ಹೇಳಬೇಕು. ವರ್ಷದ ಕೊನೆಗೆ ರೆಕಗ್ನಿಷನ್ ಅಂತ ಒಂದು ಕಾರ್ಯಕ್ರಮ ಆಗುವವರೆಗೂ ಹೀಗೇ. ಇದರ ಜೊತೆಗೆ ಲಾಂಡ್ರಿ ಹಂಚುವುದು, ಕಸ ಸಾಗಿಸುವುದು, ಎಲ್ಲರೂ ಸಾಲಾಗಿ ನಿಲ್ಲುವ ಫಾರ್ಮೇಶನ್‌ಗೆ ಇನ್ನೆಷ್ಟು ನಿಮಿಷ ಇದೆ, ಯಾವ ಯೂನಿಫಾರ್ಮ್ ಅಂತ ಗಡಿಯಾರದ ಕೆಳಗೆ ನಿಂತು ಕೂಗುವುದು, ಅವತ್ತಿನ ಊಟದ ಮೆನು ಏನು, ನೇವಿ ವಿರುದ್ಧದ ಫುಟ್‌ಬಾಲ್ ಪಂದ್ಯಕ್ಕೆ ಎಷ್ಟು ದಿನ ಉಳಿದಿದೆ ಅನ್ನುವುದನ್ನೆಲ್ಲ ಬಾಯಿಪಾಠ ಒಪ್ಪಿಸುವುದು. ಸುಮ್ನೆ ಕಾಟ ಅಂತ ಕಾಣುತ್ತದೆ. ಅರ್ಧ ಭಾಗ ಕಾಟವೇ, ನಾನೇಕೆ ಸುಳ್ಳು ಹೇಳಲಿ. ಇನ್ನರ್ಧ, ಸಮಯ ಸಾಲದೇ ಇರುವಾಗ ಯಾವುದನ್ನು ಮೊದಲು ಮಾಡಬೇಕು ಅನ್ನುವುದನ್ನು ಕಲಿಸುವ ದಾರಿ. ಈ ನಿಯಮಗಳು ಅತಿಥಿಯಾಗಿ ಬಂದ ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ. ಅವಳ ಮೇಲೆ ಯಾರೂ ಕೂಗಾಡುವುದಿಲ್ಲ.

ಮಲಗುವುದು ಬ್ಯಾರಕ್ ಕೋಣೆಯಲ್ಲೇ. ಒಂದು ಕೋಣೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಖಾಲಿ ಮಂಚ ಇದ್ದರೆ ಅದೃಷ್ಟ, ಇಲ್ಲದಿದ್ದರೆ ನೆಲವೇ. ಸ್ಲೀಪಿಂಗ್ ಬ್ಯಾಗ್ ತನ್ನಿ ಅಂತ ಕಾಗದದಲ್ಲಿ ಬರೆದಿದ್ದರೆ ತಪ್ಪದೆ ತೆಗೆದುಕೊಂಡು ಹೋಗಲಿ. ಹಾಸಿಗೆ ವಿಷಯದಲ್ಲಿ ಒಂದು ತಮಾಷೆ ಇದೆ. ಕೆಡೆಟ್‌ಗಳ ಹಾಸಿಗೆ ಸುಕ್ಕಿಲ್ಲದೆ ಬಿಗಿಯಾಗಿ ಹಾಸಿರಬೇಕು. ಬೆಳಗ್ಗೆ ಮತ್ತೆ ಹಾಸುವ ಕಷ್ಟ ಯಾಕೆ ಅಂತ ಎಷ್ಟೋ ಜನ ಹಾಸಿದ ಹಾಸಿಗೆಯ ಮೇಲೆಯೇ ಮಲಗಿ, ಗ್ರೀನ್ ಗರ್ಲ್ ಅಂತ ಕರೆಯುವ ಹಸಿರು ಕಂಬಳಿ ಹೊದ್ದುಕೊಳ್ಳುತ್ತಾರೆ. ದೀಪ ಆರುವುದು ತಡ, ಏಳುವುದು ಬೇಗ. ಪ್ಲೀಬ್‌ಗಳು ಡ್ಯೂಟಿ ಇದ್ದರೆ ಇನ್ನೂ ಬೇಗ. ನಿದ್ದೆ ಕಡಿಮೆಯಾಗುತ್ತದೆ ಅಂತ ಮಗಳು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ಊಟ. ನಿಮ್ಮ ನಿಜವಾದ ಚಿಂತೆ ಇದೇ ಅಂತ ಗೊತ್ತು. ಮೆಸ್ ಇರುವುದು ವಾಷಿಂಗ್ಟನ್ ಹಾಲ್‌ನಲ್ಲಿ. ವಾರದ ದಿನಗಳಲ್ಲಿ ತಿಂಡಿ ಮತ್ತು ಮಧ್ಯಾಹ್ನದ ಊಟಕ್ಕೆ ಎಲ್ಲರೂ ಫಾರ್ಮೇಶನ್ ಮುಗಿಸಿ ಒಟ್ಟಿಗೆ ಒಳಗೆ ಬರುತ್ತಾರೆ, ನಾಲ್ಕು ಸಾವಿರಕ್ಕೂ ಮೀರಿದ ಜನ ಒಂದೇ ಪಂಕ್ತಿಗೆ ಕೂತ ಮದುವೆ ಮನೆಯ ಹಾಗೆ, ಆದರೆ ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಅಂತ ಉಪಚಾರ ಮಾಡುವವರು ಯಾರೂ ಇಲ್ಲ, ಅರ್ಧ ಗಂಟೆಯೊಳಗೆ ಎಲ್ಲ ಖಾಲಿ. ಒಂದು ಮೇಜಿಗೆ ಹತ್ತು ಜನ. ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸಿ ಬಡಿಸಿಕೊಳ್ಳುವುದು. ಮೇಜಿನ ತುದಿಯಲ್ಲಿ ಕೂತ ಪ್ಲೀಬ್‌ಗಳಿಗೆ ಕೆಲಸ ಹಂಚಿರುತ್ತಾರೆ: ಬಿಸಿ ಪಾನೀಯ ಒಬ್ಬರ ಪಾಲು, ತಣ್ಣನೆಯದು ಇನ್ನೊಬ್ಬರ ಪಾಲು, ಸಿಹಿಯನ್ನು ಮೇಜಿನಲ್ಲಿ ಎಷ್ಟು ಜನಕ್ಕೆ ಬೇಕೋ ಅಷ್ಟೇ ಸಮನಾದ ತುಂಡಾಗಿ ಕತ್ತರಿಸುವುದು ಮತ್ತೊಬ್ಬರದು. ಏಳು ಜನಕ್ಕೆ ಒಂದು ಕೇಕನ್ನು ಸಮವಾಗಿ ಕತ್ತರಿಸಿ ನೋಡಿ, ಕಷ್ಟ ಗೊತ್ತಾಗುತ್ತದೆ. ರಾತ್ರಿ ಊಟ ಸಾಮಾನ್ಯವಾಗಿ ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ.

ಸಸ್ಯಾಹಾರಿ ಅಂತ ಬರುವ ಮುಂಚೆಯೇ ಇಮೇಲಿನಲ್ಲಿ ತಿಳಿಸಿ, ಬಂದ ಮೇಲೆ ಕರೆದೊಯ್ಯುವ ಕೆಡೆಟ್‌ಗೂ ಹೇಳಲಿ. ಹೊಟ್ಟೆಗೆ ಏನಾದರೂ ಸಿಗುತ್ತದೆ: ಬ್ರೆಡ್, ಸಲಾಡ್, ಹಣ್ಣು, ಹಾಲು, ಸೀರಿಯಲ್. ನಿಮ್ಮ ಮನೆಯ ಸಾರು ಅನ್ನ ಸಿಗಲ್ಲ, ಅಷ್ಟೇ. ಒಂದು ದಿನಕ್ಕೆ ಯಾರೂ ಸಾಯುವುದಿಲ್ಲ. ಆದರೆ ಇದನ್ನು ಮಗಳು ಗಂಭೀರವಾಗಿ ನೋಡಿಕೊಂಡು ಬರಲಿ. ಅಲ್ಲಿ ದಿನವಿಡೀ ಓಡಾಟ, ಮಧ್ಯಾಹ್ನದ ಮೇಲೆ ಎಲ್ಲರಿಗೂ ಯಾವುದಾದರೊಂದು ಆಟ ಕಡ್ಡಾಯ, ಬೇಸಿಗೆಯ ತರಬೇತಿಯಲ್ಲಿ ಕಾಡಿನಲ್ಲಿ ಪೊಟ್ಟಣದ ಊಟ. ಇಷ್ಟಕ್ಕೆ ಸಾಲುವಷ್ಟು ಸಸ್ಯಾಹಾರ ತಿಂದು ನಾಲ್ಕು ವರ್ಷ ತಳ್ಳಲು ಆಗುತ್ತಾ ಅಂತ ಅಲ್ಲಿ ಈಗಾಗಲೇ ಹಾಗೆ ಇರುವ ಕೆಡೆಟ್ ಯಾರಾದರೂ ಇದ್ದರೆ ಹುಡುಕಿ ಕೇಳಲಿ. ನಿಮಗೂ ನನಗೂ ಗೊತ್ತಾಗುವ ವಿಷಯ ಅಲ್ಲ ಅದು.

ಮಾರನೇ ದಿನ ಕ್ಲಾಸು. ಇಲ್ಲಿ ಹದಿನೈದು ಹದಿನೆಂಟು ಜನರ ಚಿಕ್ಕ ಚಿಕ್ಕ ತರಗತಿಗಳು, ಪಾಠ ಮಾಡುವವರಲ್ಲಿ ಹೆಚ್ಚಿನವರು ಯೂನಿಫಾರ್ಮಿನ ಅಧಿಕಾರಿಗಳು. ಶುರುವಾಗುವಾಗ ಒಬ್ಬ ಕೆಡೆಟ್ ಎಲ್ಲರನ್ನೂ ಎದ್ದು ನಿಲ್ಲಿಸಿ ಹಾಜರಿ ಒಪ್ಪಿಸುತ್ತಾನೆ. ಪಾಠದ ಕ್ರಮಕ್ಕೆ ಥೇಯರ್ ಪದ್ಧತಿ ಅಂತ ಹೆಸರು, 1817ರಿಂದ 1833ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಸಿಲ್ವೇನಸ್ ಥೇಯರ್ ಹಾಕಿಕೊಟ್ಟದ್ದು. ಪಾಠವನ್ನು ಹಿಂದಿನ ರಾತ್ರಿ ನೀವೇ ಓದಿಕೊಂಡು ಬರಬೇಕು, ಕ್ಲಾಸಿನಲ್ಲಿ ಲೆಕ್ಕ ಮಾಡಿ ತೋರಿಸಬೇಕು. ನಮ್ಮ ಮಕ್ಕಳಿಗೆ ಗಣಿತ ಚೆನ್ನಾಗಿ ಬರುತ್ತದೆ ಅಂತ ನಾವು ಧೈರ್ಯವಾಗಿರುತ್ತೇವೆ ಅಲ್ವಾ? ಅಲ್ಲಿ ಕಷ್ಟ ಆಗುವುದು ಗಣಿತದಿಂದಲ್ಲ. ಬೆಳಗ್ಗೆಯಿಂದ ಡ್ಯೂಟಿ, ಕ್ಲಾಸು, ಆಟ ಮುಗಿಸಿ, ರಾತ್ರಿ ಕೂತು ಓದುವಾಗ ಕಣ್ಣು ಎಳೆಯುತ್ತದಲ್ಲ, ಅಲ್ಲಿ.

ಅದಕ್ಕೇ ಈ ಇಡೀ ಭೇಟಿಯಲ್ಲಿ ನಾನು ಎಲ್ಲಕ್ಕಿಂತ ಬೆಲೆ ಕೊಡುವುದು ರಾತ್ರಿಯ ಓದಿನ ಹೊತ್ತಿಗೆ. ಕ್ಯಾಂಪಸ್ಸಿನ ಕಲ್ಲಿನ ಕಟ್ಟಡ, ಪರೇಡ್ ಮೈದಾನ, ಹಡ್ಸನ್ ನೋಟ ಎಲ್ಲ ಹಗಲಿನ ಟೂರ್‌ನಲ್ಲೂ ನೋಡಬಹುದು. ಊಟ ಆದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕೆಡೆಟ್ ತನ್ನ ಮೇಜಿನ ಮುಂದೆ ಕೂರುತ್ತಾಳಲ್ಲ, ಅದು ಮಾತ್ರ ಈ ಭೇಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಲು ಸಿಗುವುದಿಲ್ಲ. ಮಗಳು ಒಂದು ಪುಸ್ತಕ ಒಯ್ಯಲಿ, ಹೋಮ್‌ವರ್ಕ್ ಇದ್ದರೆ ಅದನ್ನೇ ಒಯ್ಯಲಿ. ಆ ಹುಡುಗಿಗೆ ಮಾರನೇ ದಿನ ಟೆಸ್ಟ್ ಇರಬಹುದು. ಅವಳ ಓದು ಕೆಡಿಸಿ ಪ್ರಶ್ನೆ ಕೇಳುತ್ತಾ ಕೂತರೆ ಅದು ಅನ್ಯಾಯ. ಸುಮ್ನೆ ನೋಡಲಿ. ಅಕ್ಕಪಕ್ಕದ ಕೋಣೆಯವರು ಲೆಕ್ಕ ಕೇಳಲು ಬರುತ್ತಾರಾ, ಒಬ್ಬರಿಗೊಬ್ಬರು ಸಹಾಯ ಮಾಡುತ್ತಾರಾ, ಯಾರಾದರೂ ಅಳುವ ಮುಖದಲ್ಲಿ ಕೂತಿದ್ದರೆ ಉಳಿದವರು ಏನು ಮಾಡುತ್ತಾರೆ. ಓದು ಮುಗಿದ ಮೇಲೆ ಮಾತು ತಾನಾಗೇ ಬರುತ್ತದೆ.

ಆಗ ಏನು ಕೇಳಬೇಕು? ಇಂಟರ್‌ನೆಟ್‌ನಲ್ಲಿ ಸಿಗುವುದನ್ನು ಕೇಳಬೇಡಿ ಅಂತ ಹೇಳಿ. ನಿನಗೆ ಎಸ್‌ಎಟಿಯಲ್ಲಿ ಎಷ್ಟು ಬಂತು ಅಂತಂತೂ ಬೇಡವೇ ಬೇಡ. ಬಿಟ್ಟು ಹೋಗೋಣ ಅಂತ ಕೊನೆಯ ಸಲ ಅನಿಸಿದ್ದು ಯಾವಾಗ, ಆಗ ಯಾಕೆ ಬಿಡಲಿಲ್ಲ? ರಾತ್ರಿ ಎಷ್ಟು ಗಂಟೆ ನಿದ್ದೆ ಸಿಗುತ್ತದೆ? ಕಾಲು ಉಳುಕಿದರೆ, ಜ್ವರ ಬಂದರೆ ಏನು ಮಾಡುತ್ತಾರೆ? ಪಾಠ ಅರ್ಥವಾಗದಿದ್ದರೆ ಮೇಷ್ಟ್ರು ಸಿಗುತ್ತಾರಾ? ಇಲ್ಲಿ ಹುಡುಗಿಯಾಗಿ ಇರುವುದು ಹೇಗಿದೆ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರ ಹತ್ತಿರ ಹೋಗುತ್ತೀರಿ, ಹೋದವರ ಮಾತನ್ನು ಕೇಳುತ್ತಾರಾ? ಈ ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಬೇಡ. 1976ರಲ್ಲಿ ಮೊದಲ ಬಾರಿಗೆ ಹುಡುಗಿಯರನ್ನು ಸೇರಿಸಿಕೊಂಡಾಗ ಒಳಗೆ ಬಂದವರು 119, 1980ರಲ್ಲಿ ಮುಗಿಸಿ ಹೊರಬಂದವರು 62. ಈಗ ಕೆಡೆಟ್‌ಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಹುಡುಗಿಯರು. 2015ರಲ್ಲಿ ಸೇನೆಯ ಕಠಿಣ ತರಬೇತಿ ಶಾಲೆಯಾದ ರೇಂಜರ್ ಸ್ಕೂಲ್ ಮುಗಿಸಿದ ಮೊದಲ ಇಬ್ಬರು ಹೆಂಗಸರು, ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್, ಇಬ್ಬರೂ ಇಲ್ಲಿಯವರೇ. ಕಾಲ ಬದಲಾಗಿದೆ, ನಿಜ. ಆದರೂ ಒಳಗಿನ ಹುಡುಗಿಯ ಬಾಯಿಂದ ಕೇಳಿದ್ದಕ್ಕೆ ಬೇರೆಯೇ ತೂಕ.

ಒಂದು ಎಚ್ಚರಿಕೆ. ಅಕ್ಟೋಬರ್‌ನ ಪ್ಲೀಬ್ ಒಬ್ಬಳನ್ನೇ ನೋಡಿ ಇಡೀ ಅಕಾಡೆಮಿಯನ್ನು ಅಳೆಯಬೇಡಿ. ಅವಳು ಸೇರಿದ ಕೂಡಲೇ ಬೇಸಿಗೆಯಲ್ಲಿ ನಡೆಯುವ, ಬೀಸ್ಟ್ ಅನ್ನುವ ಮೊದಲ ತರಬೇತಿ ಮುಗಿಸಿ ಕೆಲವೇ ವಾರ ಆಗಿರುತ್ತದೆ, ಸುಸ್ತಾಗಿರುತ್ತಾಳೆ, ಮನೆ ನೆನಪು ಬೇರೆ. ಅವಳ ರೂಮ್‌ಮೇಟ್‌ನ್ನೂ ಮಾತಾಡಿಸಲಿ. ಸಾಧ್ಯವಾದರೆ ಮೂರನೇ ವರ್ಷದವರನ್ನೂ ಕೇಳಲಿ, ಅವರನ್ನು ಅಲ್ಲಿ ಕೌ ಅಂತಾರೆ. ಮೂರನೇ ವರ್ಷ ಶುರುವಾಗುವಾಗ ಅವರು ಮತ್ತೊಮ್ಮೆ ಪ್ರಮಾಣ ಮಾಡುತ್ತಾರೆ. ಅಲ್ಲಿಯತನಕ ಬಿಟ್ಟು ಹೋದರೆ ಸೇವೆಯ ಸಾಲ ಇಲ್ಲ, ಆಮೇಲೆ ಬಿಟ್ಟರೆ ಸೇವೆಯನ್ನೋ ಹಣವನ್ನೋ ಕೇಳಬಹುದು. ಅಷ್ಟು ದೂರ ಬಂದು ಉಳಿಯುವುದಾಗಿ ತೀರ್ಮಾನಿಸಿದವರ ಮಾತು ಪ್ಲೀಬ್ ಮಾತಿಗಿಂತ ಬೇರೆ ಇರುತ್ತದೆ.

ಬ್ಯಾಗಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಬ್ಯಾಗ್ ಸಾಕು, ಎಲ್ಲೆಲ್ಲೂ ಮೆಟ್ಟಿಲು. ಕಾಲರ್ ಇರುವ ಶರ್ಟು, ಹರಕಲು ಫ್ಯಾಷನ್ ಇಲ್ಲದ ಪ್ಯಾಂಟು, ಮುಚ್ಚಿದ ಶೂ, ಹೊಸದಲ್ಲ, ಕಾಲಿಗೆ ಒಗ್ಗಿದ್ದು. ನದಿಯ ಗಾಳಿ ಕೊರೆಯುತ್ತದೆ, ಜಾಕೆಟ್ ಇರಲಿ. ಒಂದು ಜೊತೆ ಆಟದ ಬಟ್ಟೆ, ಟವೆಲ್, ಸ್ನಾನದ ಸಾಮಾನು, ದಿನಾ ತೆಗೆದುಕೊಳ್ಳುವ ಔಷಧಿ. ಮಿಲಿಟರಿ ಬಣ್ಣದ ಬಟ್ಟೆ ಹಾಕಿಕೊಂಡು ಹೋಗುವುದು ಬೇಡ, ನಗುತ್ತಾರೆ. ಫೋನ್ ಸೈಲೆಂಟ್. ಬ್ಯಾರಕ್ ಒಳಗೆ ಕೇಳದೆ ಫೋಟೋ ವಿಡಿಯೋ ಬೇಡ. ಇನ್ನು ನೀವು ಚಕ್ಕುಲಿ ಕೋಡುಬಳೆ ಕಳಿಸಬೇಕು ಅಂತ ಯೋಚಿಸುತ್ತಿದ್ದರೆ, ಧಾರಾಳವಾಗಿ ಕಳಿಸಿ. ಪ್ಲೀಬ್‌ಗಳಿಗೆ ಯಾವಾಗಲೂ ಹಸಿವು. ಕಡಲೆಕಾಯಿ ಹಾಕಿದ್ದರೆ ಮುಂಚೆಯೇ ಹೇಳಲಿ, ಅಲರ್ಜಿ ಇರುವವರು ಇರುತ್ತಾರೆ.

ನೀವು ಜೊತೆಗಿರಬಹುದಾ ಅಂದರೆ, ಬ್ಯಾರಕ್‌ನಲ್ಲಿ ಇಲ್ಲ. ಆವರಣದಲ್ಲೇ ಥೇಯರ್ ಹೋಟೆಲ್ ಇದೆ, ಜೇಬಿಗೆ ಸ್ವಲ್ಪ ಭಾರ. ಹೈಲ್ಯಾಂಡ್ ಫಾಲ್ಸ್ ಸುತ್ತಮುತ್ತ ಬೇರೆ ಜಾಗಗಳೂ ಸಿಗುತ್ತವೆ. ಎಡಿಸನ್ ಅಷ್ಟೇನೂ ದೂರವಲ್ಲ, ಬಿಟ್ಟು ಮನೆಗೆ ಹೋಗಿ ಮಾರನೇ ದಿನ ಬಂದರೂ ಆಯಿತು. ಉಳಿದರೆ ಬಸ್ ಟೂರ್ ತೆಗೆದುಕೊಳ್ಳಿ, ವಿಸಿಟರ್ಸ್ ಸೆಂಟರ್ ಪಕ್ಕದ ಮ್ಯೂಸಿಯಂ ನೋಡಿ. ಟ್ರೋಫಿ ಪಾಯಿಂಟ್‌ನಲ್ಲಿ, 1778ರಲ್ಲಿ ಬ್ರಿಟಿಷ್ ಹಡಗುಗಳನ್ನು ತಡೆಯಲು ಹಡ್ಸನ್‌ಗೆ ಅಡ್ಡಲಾಗಿ ಕಟ್ಟಿದ್ದ ದೊಡ್ಡ ಸರಪಳಿಯ ಕೊಂಡಿಗಳನ್ನು ಇಟ್ಟಿದ್ದಾರೆ. ನಿಮ್ಮ ಯಜಮಾನರಿಗೆ ಹಿಡಿಸುತ್ತದೆ. ಆದರೆ ಊಟ ಆಯ್ತಾ, ಚಳಿ ಆಗ್ತಿದೆಯಾ ಅಂತ ಮಗಳಿಗೆ ಗಂಟೆಗೊಮ್ಮೆ ಮೆಸೇಜ್ ಕಳಿಸಬೇಡಿ. ಕರೆದೊಯ್ದ ಕೆಡೆಟ್‌ಗಂತೂ ಕಳಿಸಲೇಬೇಡಿ.

ನೀವು ಕೇಳದಿದ್ದರೂ ಎರಡು ವಿಷಯ ಹೇಳುತ್ತೇನೆ, ನಮ್ಮ ಜನಕ್ಕೆ ಬೇರೆಯವರು ಇದನ್ನು ಹೇಳುವುದಿಲ್ಲ. ಒಂದು, ಓದು ಪೂರ್ತಿ ಉಚಿತ, ಮೇಲೆ ತಿಂಗಳಿಗೆ ಸಂಬಳ ಅನ್ನುವುದು ಸರಿಯೇ. ಆದರೆ ಮುಗಿದ ಮೇಲೆ ಕನಿಷ್ಠ ಐದು ವರ್ಷ ಪೂರ್ಣಾವಧಿ ಸೇವೆ, ಆಮೇಲೆ ಮೂರು ವರ್ಷ ರಿಸರ್ವ್, ಅಂದರೆ ಮೀಸಲು ಪಡೆ. ಯುದ್ಧ ಬಂದರೆ ಯುದ್ಧಕ್ಕೆ. ಫೀಸ್ ಉಳಿಯುತ್ತದೆ ಅನ್ನುವ ಕಾರಣಕ್ಕೆ ಮಗಳನ್ನು ಒಪ್ಪಿಸಲು ಹೋಗಬೇಡಿ. ಎರಡು, ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್. ವಿದೇಶಿ ಸೇನೆಯಲ್ಲಿ ಈಗ ಇರುವವರಿಗೂ ನಿವೃತ್ತರಾದವರಿಗೂ ಒಸಿಐ ಕೊಡುವುದಿಲ್ಲ ಅಂತ ಭಾರತ ಸರ್ಕಾರದ ನಿಯಮ ಇದೆ. ಮಗಳ ಹತ್ತಿರ ಕಾರ್ಡ್ ಇದ್ದರೆ, ಸೀಟು ಸಿಕ್ಕ ಮೇಲೆ, ಅಕಾಡೆಮಿಗೆ ಸೇರುವ ಮುಂಚೆ ಭಾರತದ ಕಾನ್ಸುಲೇಟ್‌ನಲ್ಲಿ ಕೇಳಿ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಮುಂದೆ ಸೆಕ್ಯುರಿಟಿ ಕ್ಲಿಯರೆನ್ಸ್ ಫಾರ್ಮಿನಲ್ಲಿ ಭಾರತದಲ್ಲಿರುವ ನೆಂಟರ ವಿವರವನ್ನೂ ಬರೆಯಬೇಕಾಗುತ್ತದೆ. ಹೆದರುವಂಥದ್ದೇನಲ್ಲ. ಭಾರತೀಯ ಮೂಲದವರು ಈ ದಾರಿಯಲ್ಲಿ ಮುಂಚೆಯೇ ನಡೆದಿದ್ದಾರೆ. ಗಗನಯಾತ್ರಿ ಸುನಿತಾ ವಿಲಿಯಮ್ಸ್ 1987ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಹೊರಬಂದವರು. ಇನ್ನೊಬ್ಬ ಗಗನಯಾತ್ರಿ ರಾಜಾ ಚಾರಿ 1999ರಲ್ಲಿ ವಾಯುಪಡೆಯ ಅಕಾಡೆಮಿಯಿಂದ.

ವಾಪಸ್ ಬಂದ ದಿನ ಕಾರಿನಲ್ಲಿ ಮಗಳು ನಿದ್ದೆ ಹೋಗುತ್ತಾಳೆ. ಹೋಗಲಿ ಬಿಡಿ. ಇಷ್ಟ ಆಯ್ತಾ ಅಂತ ಅವತ್ತೇ ಉತ್ತರ ಕೇಳಬೇಡಿ. ಅವಳೇ ಕೂತು ಕಂಡದ್ದನ್ನು ಬರೆದಿಟ್ಟುಕೊಳ್ಳಲಿ, ಕರೆದೊಯ್ದ ಹುಡುಗಿಗೆ ನಾಲ್ಕು ಸಾಲಿನ ಥ್ಯಾಂಕ್ಸ್ ಇಮೇಲ್ ಕಳಿಸಲಿ. ಅವಳು ಬೇಡ ಅಂದರೂ ಆ ಭೇಟಿ ದಂಡವಲ್ಲ. ಸೇನೆ ಬೇಕು, ಅಕಾಡೆಮಿ ಬೇಡ ಅನಿಸಿದರೆ ಮಾಮೂಲಿ ಕಾಲೇಜಿನಲ್ಲಿ ಓದುತ್ತಲೇ ಸೇನಾ ಅಧಿಕಾರಿಯಾಗಲು ತರಬೇತಿ ಕೊಡುವ ಆರ್‌ಒಟಿಸಿ ಇದೆ. ಬೇಕೇ ಬೇಕು ಅಂದರೆ ಮಾತ್ರ ನಿಮ್ಮ ಯಜಮಾನರ ತಯಾರಿ ಹುಮ್ಮಸ್ಸಿಗೆ ಈಗ ಕೆಲಸ ಇದೆ: ದೇಹದಾರ್ಢ್ಯ ಪರೀಕ್ಷೆಯಲ್ಲಿ ಮಂಡಿಯೂರಿ ಬಾಸ್ಕೆಟ್‌ಬಾಲ್ ಎಸೆಯುವುದರಿಂದ ಹಿಡಿದು ಒಂದು ಮೈಲಿ ಓಟದವರೆಗೆ ಆರು ಭಾಗ ಇದೆ, ಪುಲ್‌ಅಪ್ ಎಲ್ಲರಿಗೂ ಕೈಕೊಡುತ್ತದೆ, ಅದನ್ನು ಮಾಡಿಸಲಿ. ನಾಮಿನೇಶನ್‌ಗೆ ನಿಮ್ಮ ಕ್ಷೇತ್ರದ ಪ್ರತಿನಿಧಿಗೂ ನ್ಯೂಜೆರ್ಸಿಯ ಇಬ್ಬರು ಸೆನೆಟರ್‌ಗಳಿಗೂ ಬೇರೆಬೇರೆಯಾಗಿ ಅರ್ಜಿ ಹಾಕಬೇಕು, ಪ್ರತಿಯೊಂದು ಆಫೀಸಿಗೂ ಬೇರೆ ಕೊನೆಯ ದಿನಾಂಕ, ಹೆಚ್ಚಿನವು ಈ ಚಳಿಗಾಲಕ್ಕೆ ಮುಂಚೆಯೇ ಮುಗಿದುಹೋಗುತ್ತವೆ. ಭೇಟಿ ಮುಗಿಯಲಿ ಆಮೇಲೆ ನೋಡೋಣ ಅಂತ ಕೂರಬೇಡಿ, ಆ ಮೂರು ದಿನಾಂಕಗಳನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.